ನೂರ ಹದಿನೆಂಟಕ್ಕೆ ಇಟ್ಟ ಚುಕ್ಕಿ

ಈ ವಿಷಯವನ್ನು ನನ್ನ ಮಗಳು ಸಿಕ್ಕಸಿಕ್ಕವರಿಗೆಲ್ಲ ಹೇಳಿ ಆಗಿದೆ. ಹೇಳುವಾಗ ಉಪ್ಪು ಖಾರ ಹಾಕುತ್ತಾಳೆ. ಒಂದೊಂದು ಸಲ ನಾನು ಅಳುತ್ತಿದ್ದೆ ಎಂದೂ ಸೇರಿಸುತ್ತಾಳೆ. ನಾನು ಅತ್ತಿಲ್ಲ. ಅದಕ್ಕೇ ನಾನೇ ಬರೆದಿಡುತ್ತಿದ್ದೇನೆ. ಮೂರನೇ ಕ್ಲಾಸಿನವರೆಗೆ ಶಾಲೆಗೆ ಹೋದವಳು; ಒತ್ತಕ್ಷರ ತಪ್ಪಿದ್ದರೆ ಅಚ್ಚು ಹಾಕುವವರು ಸರಿಮಾಡಿಕೊಳ್ಳಲಿ, ಅವರಿಗೆ ಬೇರೆ ಏನು ಕೆಲಸ.

ನಾವಿರುವುದು ಮಲೇಷ್ಯಾದ ಪುಚೊಂಗ್‌ನ ಒಂದು ಕಾಂಡೋದಲ್ಲಿ, ಅಂದರೆ ಫ್ಲ್ಯಾಟುಗಳ ಕಟ್ಟಡದಲ್ಲಿ, ಹನ್ನೊಂದನೇ ಮಾಳಿಗೆಯಲ್ಲಿ. ನಾನು, ಮಗಳು, ಇಬ್ಬರೇ. ಅವಳು ಮದುವೆಯಾಗಲಿಲ್ಲ, ಅದರ ಮಾತು ಇಲ್ಲಿ ಬೇಡ. ಮಣಿಪಾಲದಲ್ಲಿ ಓದಿ, ಇಲ್ಲಿಯ ಒಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಡಾಕ್ಟರು ಹೌದು, ಆದರೆ ರೋಗಿಗಳಿಲ್ಲ. ಊರಿಗೆ ಊರನ್ನೇ ಒಂದು ರೋಗಿ ಎಂದು ತಿಳಿದು ಅದರ ನಾಡಿ ಹಿಡಿಯುವ ವಿಭಾಗ ಅವಳದ್ದು. ಅಂಕಿ ಕೇಳುವುದು, ಅಂಕಿ ಬರೆಯುವುದು, ಅಂಕಿಯನ್ನು ಕಂಪ್ಯೂಟರಿಗೆ ತಿನ್ನಿಸುವುದು. ಎರಡೆರಡು ವರ್ಷದ ಕಾಂಟ್ರಾಕ್ಟು. ಇದೆಲ್ಲ ನಡೆದ ವರ್ಷ ಅದು ತಿಂಗಳ ಕೊನೆಗೆ ಮುಗಿಯುವುದರಲ್ಲಿತ್ತು. ಮುಂದುವರಿಸಬೇಕೋ ಬೇಡವೋ ಎಂದು ಸೋಮವಾರ ಕಾಲೇಜಿನ ಸಭೆ ತೀರ್ಮಾನಿಸುತ್ತದೆ. ಅಷ್ಟರೊಳಗೆ ಅವಳು ಬರೆದ ಒಂದು ಲೇಖನಕ್ಕೆ ಲೆಕ್ಕದ ಪ್ರೊಫೆಸರರ ಸಹಿ ಬಿದ್ದಿರಬೇಕು. ಸಹಿ ಇಲ್ಲದಿದ್ದರೆ ಕೆಲಸ ಇಲ್ಲ, ಕೆಲಸ ಇಲ್ಲದಿದ್ದರೆ ವೀಸಾ ಇಲ್ಲ, ವೀಸಾ ಇಲ್ಲದಿದ್ದರೆ ಇಬ್ಬರೂ ಪೆಟ್ಟಿಗೆ ಕಟ್ಟಬೇಕು.

ಲೇಖನ ನಮ್ಮಂಥ ಮುದುಕ ಮುದುಕಿಯರ ಮೇಲೆ. ಕಾಂಡೋದ ಕೆಳಗೆ ಒಂದು ಕೊಳ ಇದೆ. ಸಕ್ಕರೆ ಕಾಯಿಲೆಯ ಮೂವತ್ತೊಂದು ಜನ ಮೂರು ತಿಂಗಳು ದಿನಾ ಸಂಜೆ ಅದರ ಸುತ್ತ ನಡೆಯಬೇಕು. ನಡೆಯುವ ಮೊದಲು ಒಂದು ಸಲ, ಮೂರು ತಿಂಗಳಾದ ಮೇಲೆ ಒಂದು ಸಲ, ಗುರುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬೆರಳು ಚುಚ್ಚಿ ಸಕ್ಕರೆ ನೋಡುವುದು. ಇಳಿದಿದ್ದರೆ ನಡಿಗೆ ಒಳ್ಳೆಯದು ಎಂದು ಬರೆಯುವುದು. ನಡಿಗೆ ಒಳ್ಳೆಯದು ಎಂದು ನನ್ನ ಅಜ್ಜಿಗೂ ಗೊತ್ತಿತ್ತು, ಆದರೆ ಅವಳ ಹತ್ತಿರ ಕಂಪ್ಯೂಟರ್ ಇರಲಿಲ್ಲ.

ಚುಚ್ಚುವುದಕ್ಕೆ ಒಬ್ಬಳು ಮಲಾಯ್ ನರ್ಸ್ ಬರುತ್ತಿದ್ದಳು. ಬರೆದುಕೊಳ್ಳುವುದು ನನ್ನ ಕೆಲಸ. ಅಕ್ಷರ ನನಗೆ ನಿಧಾನ. ಅಂಕಿ ಹಾಗಲ್ಲ, ಅಂಕಿಯಲ್ಲಿ ನನ್ನನ್ನು ಯಾರೂ ಮೋಸ ಮಾಡಿಲ್ಲ. ಹೆಸರು ಬರೆಯುವ ಹಾಗಿಲ್ಲ, ಒಬ್ಬೊಬ್ಬರಿಗೆ ಒಂದೊಂದು ನಂಬರು. ಯಾರಿಗೆ ಯಾವ ನಂಬರು ಎಂಬ ಪಟ್ಟಿ ನನ್ನ ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಮಾತ್ರ ಇತ್ತು. ಪುಸ್ತಕದಲ್ಲಿ ಬರೆದದ್ದನ್ನು ಸಂಜೆ ಮನೆಯಲ್ಲಿ ಟ್ಯಾಬ್ಲೆಟ್ಟಿನ ಟೇಬಲ್ಲಿಗೆ, ಅಂದರೆ ಕೋಷ್ಟಕಕ್ಕೆ, ನಾನೇ ಒತ್ತುತ್ತಿದ್ದೆ. ಒಂದು ಅಂಕಿಯೂ ತಪ್ಪಿಲ್ಲ ಎಂದು ಮಗಳು ಕಾಲೇಜಿನಲ್ಲೆಲ್ಲ ಹೊಗಳಿ, ನನ್ನ ತಲೆ ಸ್ವಲ್ಪ ತಿರುಗಿಸಿಬಿಟ್ಟಿದ್ದಳು. ನಾನೂ ಆ ಮೂವತ್ತೊಂದರಲ್ಲಿ ಒಬ್ಬಳು. ನನ್ನ ನಂಬರು ಹದಿನೇಳು.

ಈಗ ಆದದ್ದನ್ನು ಹೇಳುತ್ತೇನೆ. ಕೊನೆಯ ಗುರುವಾರ ಬೆಳಿಗ್ಗೆ, ಬೆರಳು ಚುಚ್ಚುವ ಮೊದಲು, ನಾನು ಪಕ್ಕದ ಮನೆಯ ತಮಿಳು ಹೆಂಗಸಿನ ಜೊತೆ ಮಾಮಾಕ್ ಅಂಗಡಿಗೆ ಹೋಗಿದ್ದೆ. ಮಾಮಾಕ್ ಅಂದರೆ ಇಲ್ಲಿಯ ತಮಿಳು ಮುಸಲ್ಮಾನರ ಹೋಟೆಲು. ಬೆಳಗಾಗುವ ಮೊದಲೇ ಕಾವಲಿ ಬಿಸಿಯಾಗಿರುತ್ತದೆ. ಅಲ್ಲಿಯ ರೋಟಿ ಚನಾಯ್ ಪದರು ಪದರಾಗಿ ಬಿಚ್ಚಿಕೊಳ್ಳುವುದನ್ನು ಕಂಡವರಿಗೆ ಗೊತ್ತು. ಅವಳು ಬಾಗಿಲು ತಟ್ಟಿ, "ಅಕ್ಕಾ, ಒಂದೇ ಒಂದು ರೋಟಿ ತಿಂದು ಬರೋಣ ವಾಂಗ, ಆರೂವರೆಗೆ ವಾಪಸ್ ಲಾ" ಎಂದಳು; ಇಲ್ಲಿಯವರ ಮಾತಿನ ಕೊನೆಗೆ ಒಂದು 'ಲಾ' ಇರಲೇಬೇಕು. ಅವಳಿಗೆ ಸಕ್ಕರೆ ಇಲ್ಲ, ಭಯವೂ ಇಲ್ಲ. ಹೋದೆ. ತಿಂದೆ.

ತಿಂದ ಮೇಲೆ ಖಾಲಿ ಹೊಟ್ಟೆಯ ಪರೀಕ್ಷೆ ಎಲ್ಲಿಂದ? ನರ್ಸಿಗೆ "ಮೈನ್ ಹೋಮ್ ಡನ್" ಎಂದೆ. ಡಾಕ್ಟರ ತಾಯಿ ಎಂದು ಅವಳು ನಂಬಿದಳು. ಉಳಿದ ಮೂವತ್ತು ಜನರದ್ದು ಬರೆದೆ: ಆರು ಪಾಯಿಂಟ್ ನಾಲ್ಕು, ಏಳು ಪಾಯಿಂಟ್ ಒಂದು, ಎಂಟು ಪಾಯಿಂಟ್ ಮೂರು. ಇಲ್ಲಿ ಸಕ್ಕರೆ ಅಳೆಯುವ ಮಾನ ಬೇರೆ, ಎಲ್ಲ ಚಿಕ್ಕ ಅಂಕಿ, ನಡುವೆ ಒಂದು ಚುಕ್ಕಿ. ಹದಿನೇಳರ ಸಾಲು ಖಾಲಿ ಉಳಿಯಿತು. ಖಾಲಿ ಬಿಟ್ಟರೆ ಮಗಳು ಕೇಳುತ್ತಾಳೆ. ಒಂದು ಮರ್ಯಾದೆಯ ಅಂಕಿ ಬರೆದೆ: 118.

ಉಡುಪಿಯಲ್ಲಿ ನಮ್ಮ ಡಾಕ್ಟರು ನೂರ ಹದಿನೆಂಟು ಬಂದರೆ "ಫಸ್ಟ್ ಕ್ಲಾಸ್ ಅಮ್ಮ" ಎನ್ನುತ್ತಿದ್ದರು. ಮೆಷಿನ್ ತೋರಿಸಿದ್ದನ್ನು ಬರೆಯುವಾಗ ಕೈ ಇಲ್ಲಿಯ ಲೆಕ್ಕದಲ್ಲಿ ಹೋಗುತ್ತದೆ. ಸುಳ್ಳು ಬರೆಯುವಾಗ ಊರಿನ ಲೆಕ್ಕವೇ ಬರುತ್ತದೆ. ನನಗೆ ಅದು ಆಗ ಹೊಳೆಯಲಿಲ್ಲ. ಸಂಜೆ ಟ್ಯಾಬ್ಲೆಟ್ಟಿಗೂ ಹಾಗೇ ಒತ್ತಿದೆ. ಒಂದು, ಒಂದು, ಎಂಟು.

ಮಗಳು ಕಾಲೇಜಿನಿಂದ ಸೋತು ಬಂದು, ಟೇಬಲ್ಲನ್ನು ಸರಿಯಾಗಿ ನೋಡದೆ, ಪೆಟಾಲಿಂಗ್ ಜಯಾದಲ್ಲಿರುವ ಆ ಲೆಕ್ಕದ ಪ್ರೊಫೆಸರಿಗೆ ಕಳಿಸಲು ಕೂತಳು. ಟೇಬಲ್ ಫೈಲು ಇದ್ದ ಹಾಗೆ ಕಳಿಸಿದರೆ ಅವರ ಕಂಪ್ಯೂಟರ್ ತೆರೆಯುವುದಿಲ್ಲವಂತೆ, ಅವರದ್ದು ಬೇರೆ ಜಾತಿಯದ್ದಂತೆ. ಅದಕ್ಕೆ ಅವಳ ಪ್ರೋಗ್ರಾಮಿನಲ್ಲಿ ಒಂದು ಉಪಾಯ. ಒಂದು ಆಜ್ಞೆ ಕೊಟ್ಟರೆ ಟೇಬಲ್ಲಿಗೆ ಟೇಬಲ್ಲೇ ಬರೀ ಬರಹವಾಗುತ್ತದೆ. ಅದನ್ನು ಪತ್ರದ ಹಾಗೆ ಮೇಲ್‌ನಲ್ಲಿ ಹಾಕಬಹುದು. ಆ ಕಡೆಯವರು ಆ ಬರಹವನ್ನು ತಮ್ಮ ಪ್ರೋಗ್ರಾಮಿಗೆ ಹಾಕಿ ಇನ್ನೊಂದು ಆಜ್ಞೆ ಕೊಟ್ಟರೆ ಪುನಃ ಅದೇ ಟೇಬಲ್.

"ಅಂದ್ರೆ ದೋಸೆಯನ್ನು ಪುನಃ ಹಿಟ್ಟು ಮಾಡುವ ವಿದ್ಯೆ" ಎಂದೆ.

"ಹೌದು ಅಂತ ಇಟ್ಕೋ. ಆದ್ರೆ ಒಂದು ಕಾಳೂ ಕಮ್ಮಿ ಆಗ್ಲಿಕ್ಕಿಲ್ಲ."

ಅವಳು ಅದನ್ನು ಒಂದು ಕಾಗದದ ಮೇಲೆ ಪ್ರಿಂಟೂ ತೆಗೆದಳು. ನೋಡಿದೆ. ಸಾಲೇ ಇಲ್ಲ! ಮೊದಲು ಎಲ್ಲರ ನಂಬರು ಒಟ್ಟಿಗೆ, ಕಾಮಾ ಕಾಮಾ ಕಾಮಾ. ಆಮೇಲೆ ಎಲ್ಲರ ವಯಸ್ಸು ಒಂದು ರಾಶಿ. ಆಮೇಲೆ ತೂಕ. ಆಮೇಲೆ ಮೊದಲ ಸಕ್ಕರೆ, ಕೊನೆಗೆ ಎರಡನೆಯ ಸಕ್ಕರೆ. ನಡುವೆ ಗೂಡು ಗೂಡಾಗಿ ಆವರಣ ಚಿಹ್ನೆಗಳು.

"ಎಂತ ಮಾರಾಯ್ತಿ ಇದು? ಜನರನ್ನು ಕೊಯ್ದು ತಲೆ ಎಲ್ಲ ಒಂದು ಕಡೆ, ಕಾಲೆಲ್ಲ ಒಂದು ಕಡೆ ಹಾಕಿದ್ದೀಯಲ್ಲ. ಪುನಃ ಜೋಡಿಸುವಾಗ ಯಾರ ತಲೆಗೆ ಯಾರ ಕಾಲು ಅಂತ ಆ ಪ್ರೊಫೆಸರಿಗೆ ಹೇಗೆ ಗೊತ್ತಾಗ್ತದೆ?"

"ಪ್ರತಿ ರಾಶಿಯಲ್ಲೂ ಹದಿನೇಳನೆಯದು ಹದಿನೇಳನೆಯವರದ್ದೇ ಅಮ್ಮ. ಸಾಲು ಬಿಟ್ಟು ಯಾರೂ ಅಲುಗಾಡುವುದಿಲ್ಲ."

ಅವಳು ಉದಾಹರಣೆಗೆ ಹದಿನೇಳನ್ನೇ ಯಾಕೆ ಹೇಳಿದಳೋ ಗೊತ್ತಿಲ್ಲ. ನಾನು ಕಾಗದ ಮಡಚಿಟ್ಟು ತೊಂಡೆಕಾಯಿ ಹೆಚ್ಚಲು ಹೋದೆ.

ಮಾರನೇ ದಿನ ಶುಕ್ರವಾರ. ಮಗಳು ರಜೆ ಹಾಕಿ ಮನೆಯಲ್ಲೇ ಇದ್ದಳು. ಊಟ ಮುಗಿಸಿ ಕೈ ತೊಳೆಯುವಾಗ ಫೋನು ಬಂತು. ಒದ್ದೆ ಕೈ, ಅದಕ್ಕೆ ಸ್ಪೀಕರಿನಲ್ಲಿಟ್ಟಳು. ಪ್ರೊಫೆಸರ್ ಚೀನೀ ಮನುಷ್ಯ, ನಿಧಾನ ಮಾತು.

"ಡಾಕ್ಟರ್, ಯುವರ್ ನಂಬರ್ ಸೆವೆಂಟೀನ್ ಸ್ಟಿಲ್ ಅಲೈವ್, ಆ?"

ನಾನು ಅಲ್ಲೇ ಬಟ್ಟಲು ತೊಳೆಯುತ್ತಿದ್ದೆ. ಅಷ್ಟು ಇಂಗ್ಲಿಷ್ ನನಗೆ ಬರುತ್ತದೆ.

ಆಮೇಲೆ ಅವರು ಹೇಳಿದ್ದನ್ನು ಮಗಳು ನನಗೆ ವಿವರಿಸಿದಳು. ಬರಹವನ್ನು ಅವರು ಪುನಃ ಟೇಬಲ್ ಮಾಡಿ ನೋಡಿದರೆ ಎಲ್ಲರ ಸಕ್ಕರೆ ಏಳು, ಎಂಟು. ಹದಿನೇಳರದ್ದು ನೂರ ಹದಿನೆಂಟು. ಈ ಊರಿನ ಮಾನದಲ್ಲಿ ಅಷ್ಟು ಸಕ್ಕರೆ ಇರುವವನು ಪರೀಕ್ಷೆಗೆ ನಡೆದು ಬರುವುದಿಲ್ಲ, ಅವನನ್ನು ಹೊತ್ತು ತರಬೇಕು. ಆ ಒಬ್ಬನಿಂದಾಗಿ ಎಲ್ಲರ ಸರಾಸರಿ ಇಳಿಯುವ ಬದಲು ಏರಿ ಕೂತಿದೆ. ಹನ್ನೊಂದು ಪಾಯಿಂಟ್ ಎಂಟು ಇದ್ದದ್ದು, ಬರಹ ಮಾಡುವಾಗ ಚುಕ್ಕಿ ಬಿದ್ದುಹೋಗಿರಬೇಕು ಎಂದು ಅವರ ಅನುಮಾನ. ಒಂದು ಚುಕ್ಕಿ ಬಿದ್ದಿದ್ದರೆ ಇನ್ನೆಷ್ಟು ಬಿದ್ದಿವೆಯೋ. ಮೂಲ ಪುಸ್ತಕ ನೋಡಿ ಸಂಜೆ ಆರರೊಳಗೆ ಹೇಳಿ, ಸಮಾಧಾನವಾದರೆ ಸಹಿ ಹಾಕುತ್ತೇನೆ ಎಂದರಂತೆ.

"ಅಮ್ಮ, ನಿನ್ನ ನೋಟುಬುಕ್ ಕೊಡು. ಹದಿನೇಳು ಯಾರು?"

"ಹಿಂದಿನ ಪುಟ ನೋಡ್ಬೇಕು. ಕನ್ನಡಕ ಎಲ್ಲಿಟ್ಟೆನೋ" ಎಂದು ನನ್ನ ಕೋಣೆಗೆ ಹೋದೆ. ಕನ್ನಡಕ ಮೂಗಿನ ಮೇಲೇ ಇತ್ತು. ಪಾಪ, ಅವಳು ಅದನ್ನೂ ಗಮನಿಸಲಿಲ್ಲ.

ಕೋಣೆಯಲ್ಲಿ ಪುಸ್ತಕ ಬಿಚ್ಚಿದೆ. 118. ಅದೇ ಪೆನ್ನು ದಾರಕ್ಕೆ ಕಟ್ಟಿಕೊಂಡು ಪುಸ್ತಕದಲ್ಲೇ ನೇತಾಡುತ್ತಿತ್ತು. ಪ್ರೊಫೆಸರೇ ದಾರಿ ತೋರಿಸಿದ್ದಾರಲ್ಲ, ಹನ್ನೊಂದು ಪಾಯಿಂಟ್ ಎಂಟು! ಎರಡನೇ ಒಂದರ ಕಾಲ ಬುಡದಲ್ಲಿ ಒಂದು ಚುಕ್ಕಿ ಇಟ್ಟೆ. ಸಾಸಿವೆ ಕಾಳಿಗಿಂತ ಸ್ವಲ್ಪ ದಪ್ಪವಾಯಿತು. ಊದಿ ಒಣಗಿಸಿದೆ. ಇಷ್ಟೇ ತಾನೇ, ಚುಕ್ಕಿ ಸಿಕ್ಕಿತು ಎಂದು ಮಗಳು ಸರಿಮಾಡಿ ಕಳಿಸುತ್ತಾಳೆ, ಸಹಿ ಬೀಳುತ್ತದೆ, ನನ್ನ ರೋಟಿ ನನ್ನ ಹೊಟ್ಟೆಯಲ್ಲಿರುತ್ತದೆ. ಹಾಗೆ ಯೋಚಿಸಿ ಬಹಳ ಖುಷಿಯಲ್ಲಿ ಹೊರಗೆ ಬಂದೆ.

ಅವಳು ಹಿಂದಿನ ಪುಟದ ಗೊಡವೆಗೆ ಹೋಗದೆ ಮೊದಲು ಅಂಕಿ ನೋಡಿದಳು. ಮುಖ ಬಿಳಿಚಿತು.

"ಇಲ್ಲಿ ಚುಕ್ಕಿ ಉಂಟು" ಎಂದಳು.

"ಉಂಟಲ್ಲ, ಸರಿ ಆಯ್ತಲ್ಲ."

"ಎಂತ ಸರಿ? ಪುಸ್ತಕದಲ್ಲಿ ಉಂಟು, ಅಲ್ಲಿಗೆ ಹೋಗುವಾಗ ಇಲ್ಲ. ಅಂದ್ರೆ ನಡುವೆ ಎಲ್ಲಿಯೋ ನನ್ನ ಪ್ರೋಗ್ರಾಮ್ ಚುಕ್ಕಿ ತಿಂದಿದೆ. ಅಮ್ಮ, ಟ್ಯಾಬ್ಲೆಟ್ಟಿಗೆ ಒತ್ತುವಾಗ ನೀನು ಚುಕ್ಕಿ ಮರೆತಿದ್ದೀಯಾ?"

ಇಲ್ಲಿ ನೋಡಿ ನನ್ನ ಬುದ್ಧಿ. ಹೌದು ಮಗಾ, ಮರೆತೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಒಂದು ಅಂಕಿಯೂ ತಪ್ಪದವಳು ಎಂದು ಕಾಲೇಜಿನಲ್ಲೆಲ್ಲ ಹೆಸರಾದವಳು ನಾನು.

"ನಾನಾ? ನಾನು ಮರೆಯುವವಳಾ? ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹಿಡಿದು ಒತ್ತಿದ್ದೇನೆ. ನಿನ್ನ ಮಷೀನನ್ನೇ ಕೇಳು" ಎಂದುಬಿಟ್ಟೆ.

ಮಗಳು ಮಷೀನನ್ನು ಕೇಳಲು ಕೂತಳು. ಟೇಬಲ್ಲನ್ನು ಬರಹ ಮಾಡಿದಳು, ಬರಹವನ್ನು ಟೇಬಲ್ ಮಾಡಿದಳು, ಹಳೆಯದನ್ನೂ ಹೊಸದನ್ನೂ ಎದುರುಬದುರು ನಿಲ್ಲಿಸಿ ಎರಡೂ ಒಂದೇನಾ ಎಂದು ಕೇಳಿದಳು. ಒಂದೇ ಎಂದು ಅದು ಹೇಳಿತು. ಪುನಃ ಮಾಡಿದಳು. ಒಂದೇ. ಏಳೆಂಟು ಸಲ ಆಚೆಗೆ ಕಳಿಸಿ ಈಚೆಗೆ ಕರೆದಳು. ಅಷ್ಟೂ ಸಲ ನನ್ನ ನೂರ ಹದಿನೆಂಟು ಹೋದ ಹಾಗೇ ಹೋಗಿ ಬಂದ ಹಾಗೇ ಬಂತು, ಒಂದು ಗೀರು ಬೀಳಲಿಲ್ಲ. ಮನುಷ್ಯರ ಬಾಯಲ್ಲಾದರೆ ಸುಳ್ಳು ಎರಡು ಮನೆ ದಾಟುವಷ್ಟರಲ್ಲಿ ಉಬ್ಬುತ್ತದೆ, ಇಲ್ಲ ಸೊರಗುತ್ತದೆ. ಈ ಯಂತ್ರ ಅದನ್ನು ಮೊಟ್ಟೆಯ ಹಾಗೆ ಜೋಪಾನ ಮಾಡಿತು.

ಸುಮ್ಮನಿರಬೇಕಿತ್ತು. ನನ್ನ ಬಾಯಿ ಸುಮ್ಮನಿರಲಿಲ್ಲ. ಪ್ರಿಂಟಿನ ಕಾಗದ ಹಿಡಿದು, "ನೋಡು, ಇಲ್ಲೂ ಚುಕ್ಕಿ ಬಿದ್ದಿದೆ. ನಾಲ್ಕನೆಯವರದ್ದು ನಾನು ಏಳು ಪಾಯಿಂಟ್ ಸೊನ್ನೆ ಬರೆದಿದ್ದೇನೆ. ಇದರಲ್ಲಿ ಬರೀ ಏಳು" ಎಂದೆ.

"ಏಳೂ, ಏಳು ಪಾಯಿಂಟ್ ಸೊನ್ನೆಯೂ ಕಂಪ್ಯೂಟರಿಗೆ ಒಂದೇ ಅಮ್ಮ. ಬರಹ ಮಾಡುವಾಗ ಸೊನ್ನೆ ಬಿಟ್ಟುಬಿಡ್ತದೆ, ಬೆಲೆ ಬದಲಾಗುವುದಿಲ್ಲ."

"ಇವತ್ತು ಸೊನ್ನೆ ಬಿಟ್ಟಿತು, ನಾಳೆ ಇನ್ನೊಂದು ಬಿಡ್ತದೆ. ನಂಬ್ಲಿಕ್ಕೆ ಆಗ್ತದಾ?"

ನನ್ನ ತಪ್ಪನ್ನು ಇನ್ನೊಂದರ ತಲೆಗೆ ಕಟ್ಟುವುದರಲ್ಲಿ ಎಂಥ ಸುಖ ಇದೆ ಎಂದರೆ, ಅರ್ಧ ಗಂಟೆ ನಾನೇ ನನ್ನ ಮಾತನ್ನು ನಂಬಿಬಿಟ್ಟಿದ್ದೆ. ಸೊನ್ನೆ ತಿಂದ ಪ್ರೋಗ್ರಾಮಿನ ಮೇಲೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಐದು ಗಂಟೆಯಾಯಿತು. ಮಗಳು ಟೇಬಲ್ ಮುಚ್ಚಿದಳು. ಆಮೇಲೆ ಮೇಲ್ ಬರೆಯತೊಡಗಿದಳು. ಚಹಾ ಇಡುವ ನೆಪದಲ್ಲಿ ಹಿಂದೆ ಹೋಗಿ ನಿಂತೆ.

"ಎಂತ ಬರಿತಿದ್ದೀ?"

"ನನ್ನ ಲೆಕ್ಕದಲ್ಲಿ ತಪ್ಪುಂಟು, ಎಲ್ಲಿ ಅಂತ ಗೊತ್ತಾಗ್ತಿಲ್ಲ, ಲೇಖನ ವಾಪಸ್ ತಗೊಳ್ತೇನೆ ಅಂತ."

"ಸೋಮವಾರದ ಸಭೆ?"

"ಸಭೆ ಸಭೆಯ ಪಾಡಿಗೆ ಆಗ್ತದೆ. ನಂಗೇ ನಂಬಿಕೆ ಇಲ್ಲದ ಲೆಕ್ಕಕ್ಕೆ ಅವರ ಸಹಿ ಹೇಗೆ ಕೇಳಲಿ?"

ದನಿ ಏರಿಸಲಿಲ್ಲ ಅವಳು. ಇಪ್ಪತ್ತು ವರ್ಷ ಈ ಅಂಕಿಗಳ ಜೊತೆ ಬದುಕಿದವಳು, ಒಂದು ಪದರು ಹಿಟ್ಟಿಗೋಸ್ಕರ ತನ್ನ ಕೈ ಮೇಲೆ ತಾನೇ ಬರೆ ಎಳೆದುಕೊಳ್ಳುತ್ತಿದ್ದಳು. ನನಗೆ ಕರುಣೆ ಉಕ್ಕಿತು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಬಂದದ್ದು ಕಿರಿಕಿರಿ. ಇಷ್ಟು ಓದಿದವಳಿಗೆ ತಾಯಿಯ ಮೇಲೆ ಒಂದು ಚೂರೂ ಅನುಮಾನ ಬರುವುದಿಲ್ಲವಲ್ಲ ಎಂದು.

"ಆ ಚುಕ್ಕಿ ನಾನಿಟ್ಟದ್ದು" ಎಂದೆ.

"ಯಾವ ಚುಕ್ಕಿ?"

"ಪುಸ್ತಕದಲ್ಲಿ. ಮಧ್ಯಾಹ್ನ. ಕನ್ನಡಕ ಹುಡುಕ್ತೇನೆ ಅಂತ ಒಳಗೆ ಹೋದಾಗ. ಮೊದಲು ಇದ್ದದ್ದು ನೂರ ಹದಿನೆಂಟೇ. ನಿನ್ನ ಪ್ರೋಗ್ರಾಮ್ ಎಂತದನ್ನೂ ತಿಂದಿಲ್ಲ. ತಿಂದದ್ದು ನಾನು."

ಅವಳು ಕುರ್ಚಿ ತಿರುಗಿಸಿದಳು. ಪುಸ್ತಕ ಎಳೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ನೂರ ಹದಿನೆಂಟು... ಅಯ್ಯೋ ದೇವರೇ, ಇದು ಊರಿನ ಲೆಕ್ಕ! ಈ ಚುಕ್ಕಿ ಇಲ್ಲದಿದ್ದಿದ್ರೆ ನಂಗೆ ಹೊಳೀತಿತ್ತು. ಮೂವತ್ತೊಂದು ಜನರಲ್ಲಿ ಊರಿನ ಲೆಕ್ಕದಲ್ಲಿ ಸುಳ್ಳು ಹೇಳುವವರು ಒಬ್ಬರೇ. ಹದಿನೇಳು ನೀನಾ?"

"ನಾನೇ."

"ಬೆರಳು ಚುಚ್ಚಿಸಿಕೊಂಡೇ ಇಲ್ವಾ?"

"ಹೊಟ್ಟೆ ಖಾಲಿ ಇರ್ಲಿಲ್ಲ."

"ಎಂತ ತಿಂದದ್ದು?"

"ರೋಟಿ ಚನಾಯ್."

"ಎಷ್ಟು?"

"ಒಂದು."

"ಅಮ್ಮ."

"ಎರಡು."

"ಅಮ್ಮಾ!"

"ಮೂರು. ಮೂರನೆಯದಕ್ಕೆ ಮೇಲಿಂದ ಸಕ್ಕರೆ ಹಾಕಿಸಿದ್ದೆ. ಅಂಗಡಿಯವನೇ ಕೇಳಿದ, ಬೇಡ ಅನ್ಲಿಕ್ಕೆ ಆಗ್ಲಿಲ್ಲ."

ಅವಳು ಬೈಯಲಿಲ್ಲ. ದಾರ ಕಿತ್ತು ಪೆನ್ನನ್ನು ತೆಗೆದುಕೊಂಡು ತನ್ನ ಜೇಬಿನಲ್ಲಿಟ್ಟಳು. ಬೈದಿದ್ದರೆ ಎದುರು ಬೈಯಬಹುದಿತ್ತು.

ಗಂಟೆ ಐದೂವರೆ. ಟೇಬಲ್ ತೆರೆದು ಹದಿನೇಳರ ಕೊನೆಯ ಮನೆಗೆ ಬೆರಳಿಟ್ಟು, "ಇಲ್ಲಿ ಎನ್, ಎ ಅಂತ ಒತ್ತು" ಎಂದಳು. ಅಲ್ಲಿರಬೇಕಾದದ್ದು ಸಿಕ್ಕಿಲ್ಲ ಎಂದು ಅದರ ಅರ್ಥವಂತೆ. ಸೊನ್ನೆಯಲ್ಲ, ಖಾಲಿಯೂ ಅಲ್ಲ. ಬಾರದವರ ಎಲೆಯನ್ನು ಪಂಕ್ತಿಯಲ್ಲಿ ಹಾಗೇ ಬಿಟ್ಟ ಹಾಗೆ. ಎಲೆ ತೆಗೆದುಬಿಟ್ಟರೆ ಆಚೆಯವರೆಲ್ಲ ಈಚೆ ಸರಿಯುತ್ತಾರೆ, ಒಬ್ಬರ ಸಕ್ಕರೆ ಇನ್ನೊಬ್ಬರಿಗೆ ಹೋಗುತ್ತದೆ. ಒತ್ತಿದೆ. ಅವಳು ಬರಹ ಮಾಡಿ, ಪುನಃ ಟೇಬಲ್ ಮಾಡಿ ನೋಡಿದಳು. ನಾನು ಇಲ್ಲದವಳಾಗಿಯೇ ಹೋಗಿ ಇಲ್ಲದವಳಾಗಿಯೇ ವಾಪಸು ಬಂದೆ.

"ಈಗ ಪ್ರೊಫೆಸರಿಗೆ ಕಾರಣ ಬರಿಬೇಕು. ನೀನೇ ಹೇಳು, ನಾನು ಇಂಗ್ಲಿಷಿನಲ್ಲಿ ಹಾಕ್ತೇನೆ."

ಹೇಳಿದೆ. ಹದಿನೇಳು ಡಾಕ್ಟರ ತಾಯಿ. ಪರೀಕ್ಷೆಯ ಬೆಳಿಗ್ಗೆ ಮೂರು ರೋಟಿ ತಿಂದಳು. ಮನಸ್ಸಿನಿಂದ ಒಂದು ಅಂಕಿ ಬರೆದಳು, ಅದನ್ನೂ ಊರಿನ ಮಾನದಲ್ಲಿ ಬರೆದಳು. ಸಿಕ್ಕಿಬೀಳುವ ಹೊತ್ತಿಗೆ ಚುಕ್ಕಿ ಇಟ್ಟಳು. ಮಗಳಿಗೆ ಇದೊಂದೂ ಗೊತ್ತಿರಲಿಲ್ಲ.

ಅವಳು ಟಪಟಪ ಒತ್ತಿದಳು. ನನ್ನ ಮಾತಿಗಿಂತ ಬಹಳ ಬೇಗ ಮುಗಿಯಿತು. ಅನುಮಾನ ಬಂತು.

"ಅದನ್ನು ಪುನಃ ಕನ್ನಡ ಮಾಡಿ ಹೇಳು."

"ಯಾಕೆ?"

"ನಿನ್ನ ಟೇಬಲ್ ಹೋಗಿ ಬಂದು ಒಂದೇನಾ ಅಂತ ಎಂಟು ಸಲ ನೋಡಿದ್ದೀಯಲ್ಲ? ನನ್ನ ಮಾತನ್ನು ಒಂದು ಸಲ ನೋಡು."

ಅವಳು ಗಂಟಲು ಸರಿಮಾಡಿಕೊಂಡು ಓದಿದಳು: "ಹದಿನೇಳನೇ ಸದಸ್ಯೆಗೆ ವೈಯಕ್ತಿಕ ಕಾರಣಗಳಿಂದ ಅಂದು ಉಪವಾಸ ಪಾಲಿಸಲು ಆಗಲಿಲ್ಲ. ದಾಖಲಾತಿಯಲ್ಲಿ ಒಂದು ಲೋಪವಾಗಿದೆ. ವಿಷಾದಿಸುತ್ತೇವೆ."

"ಇದರಲ್ಲಿ ರೋಟಿ ಎಲ್ಲಿ?"

"ರೋಟಿ ಎಲ್ಲ ಬರಿಲಿಕ್ಕೆ ಆಗ್ತದಾ ಅಮ್ಮ!"

"ವಿಷಾದಿಸುವುದು ಯಾರು? ನಾನಂತೂ ಅಲ್ಲ. ಲೋಪವಾಗಿದೆ ಅಂದ್ರೆ ಅವರು ಪುನಃ ನಿನ್ನ ಪ್ರೋಗ್ರಾಮಿನ ಲೋಪ ಅಂತಲೇ ತಿಳೀತಾರೆ. ನಾನು ಇಲ್ಲಿಂದ ಒಂದು ಆನೆ ಕಳಿಸಿದ್ರೆ ಅಲ್ಲಿಗೆ ಬಾಲ ಮಾತ್ರ ಮುಟ್ಟಿದೆ. ಅಳಿಸು."

ಎರಡನೇ ಸಲ ರೋಟಿ ಬಂತು, ಚುಕ್ಕಿ ಬಿಟ್ಟುಹೋಯಿತು. ಮೂರನೇ ಸಲ ಚುಕ್ಕಿ ಬಂತು. 'ತಾಯಿ' ಇದ್ದಲ್ಲಿ 'ಕುಟುಂಬದ ಸದಸ್ಯರೊಬ್ಬರು' ಎಂದಾಯಿತು. ನಾಲ್ಕನೇ ಸಲ ಅವಳು ಓದಿದ್ದು ನಾನು ಹೇಳಿದ್ದೇ ಆಗಿತ್ತು, ಮೂರನೆಯದಕ್ಕೆ ಸಕ್ಕರೆ ಹಾಕಿಸಿದ್ದೂ ಸೇರಿ. ಸಕ್ಕರೆಯ ಮಾತನ್ನು ಪತ್ರಕ್ಕೆಂದು ನಾನು ಹೇಳಿರಲಿಲ್ಲ, ಅವಳೇ ಸೇರಿಸಿದ್ದಳು. ಇರಲಿ ಎಂದೆ. ಆರಕ್ಕೆ ಐದು ನಿಮಿಷ ಇರುವಾಗ ಮೇಲ್ ಹೋಯಿತು.

ಶನಿವಾರ ಬೆಳಿಗ್ಗೆ ಉತ್ತರ ಬಂತು. ಸಹಿ ಹಾಕಿದ್ದರು. ಹದಿನೇಳನ್ನು ಬಿಟ್ಟು ಮೂವತ್ತು ಜನರ ಸಕ್ಕರೆ ಸ್ವಲ್ಪ ಇಳಿದಿದೆ, ಲೆಕ್ಕ ಸರಿ ಇದೆ, ಇಷ್ಟು ವಿವರವಾಗಿ ತಪ್ಪು ಒಪ್ಪಿದ ಪತ್ರ ತಾನು ಈವರೆಗೆ ಓದಿಲ್ಲ ಎಂದಿದ್ದರು. ಕೆಳಗೆ ಒಂದು ಷರತ್ತು: ಪರೀಕ್ಷೆಗೆ ಒಳಗಾಗುವವರು ಇನ್ನು ಮುಂದೆ ಪುಸ್ತಕ ಮುಟ್ಟಬಾರದು. ಸೋಮವಾರದ ಸಭೆಯಲ್ಲಿ ಮಗಳಿಗೆ ಎರಡು ವರ್ಷ ಸಿಕ್ಕಿತು. ಅವಳು ನಮ್ಮ ಕಡೆಯವರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸಿನಿಂದ ಮಲ್ಲಿಗೆ ತಂದಳು, ಸಿಹಿ ತರಲಿಲ್ಲ.

ನೋಟುಬುಕ್ಕು ನರ್ಸಿನ ಕೈಗೆ ಹೋಯಿತು. ಬೇಸರವಾಯಿತು, ಇಲ್ಲ ಎನ್ನುವುದಿಲ್ಲ. ಮುಂದಿನ ಮೂರು ತಿಂಗಳ ನಡಿಗೆ ಶುರುವಾದ ಗುರುವಾರ ನಾನೂ ಎಲ್ಲರ ಹಾಗೆ ಪ್ಲಾಸ್ಟಿಕ್ ಕುರ್ಚಿಯ ಸಾಲಿನಲ್ಲಿ ಕೂತು ಬೆರಳು ಚಾಚಿದೆ. ನರ್ಸ್ ಚುಚ್ಚಿದಳು, ಮೆಷಿನ್ ನೋಡಿದಳು, ಹುಬ್ಬು ಏರಿಸಿದಳು, ಬರೆದುಕೊಂಡಳು. ಕತ್ತು ಚಾಚಿ ಎಷ್ಟು ಎಂದು ಕೇಳಿದೆ. ಅವಳು ಪುಸ್ತಕವನ್ನು ಎದೆಗೆ ಒತ್ತಿಕೊಂಡು, "ಆಸ್ಕ್ ಯುವರ್ ಡಾಟರ್ ಲಾ, ಆಂಟಿ" ಎಂದು ಮುಂದಿನವರ ಬೆರಳು ಹಿಡಿದಳು.